ಮರ ಹತ್ತುವ ಹಗ್ಗ: ತೂಕ ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಬಾರದು

ಮಂಡ್ಯ, ಶ್ರೀರಂಗಪಟ್ಟಣ, ಮೈಸೂರಿನ ಸುತ್ತಮುತ್ತ ಮರ ಸವರುವ ಕೆಲಸ ನನ್ನದು. ಭರಣಿ ಮಳೆಯ ಗಾಳಿಗೆ ಮುರಿದು ಹೆಂಚಿನ ಮೇಲೆ ನೇತಾಡುವ ಕೊಂಬೆ, ತೋಟದ ಮಾವಿನಲ್ಲಿ ಒಣಗಿ ನಿಂತ ರೆಂಬೆ, ಹಳೇ ಬಂಗಲೆಗಳ ಕಾಂಪೌಂಡಿನ ಮಳೆಮರ, ಇಂಥವು. ಸ್ಕೂಟರಿನಲ್ಲಿ ಹೋಗುವವನಿಗೆ ಸಾಮಾನಿನ ತೂಕ ದೊಡ್ಡ ವಿಷಯ. ಮರದ ಮೇಲೆ ಹೋದಮೇಲಂತೂ ಅರ್ಧ ಕಿಲೋ ಹೆಚ್ಚಾದರೂ ಭುಜಕ್ಕೆ ಗೊತ್ತಾಗುತ್ತದೆ. ಹಾಗಾಗಿ ಹಗುರ ಹಗ್ಗ ಯಾವುದು ಅಂತ ತುಂಬಾ ಹುಡುಕಿದ್ದೇನೆ. ನಾನು ಕಂಡುಕೊಂಡದ್ದು ಇಷ್ಟು: ಎಲ್ಲಕ್ಕಿಂತ ಹಗುರವಾದ ಎರಡು ನೂಲುಗಳು ಮೈಭಾರ ಹೊರುವ ಹಗ್ಗಕ್ಕೆ ಆಗಿಬರುವುದಿಲ್ಲ.

ಮೊದಲನೆಯದು ಪಾಲಿಪ್ರೊಪಿಲೀನ್. ಸಂತೇಪೇಟೆಯಲ್ಲಿ ಕೇಳಿದರೆ ಬಣ್ಣಬಣ್ಣದ ಹಗ್ಗ ಎಲ್ಲವನ್ನೂ ನೈಲಾನ್ ಎಂದೇ ಕೊಡುತ್ತಾರೆ. ಪರೀಕ್ಷೆ ಸುಲಭ. ಒಂದು ಗೇಣು ತುಂಡು ಕತ್ತರಿಸಿ ಬಕೆಟ್ ನೀರಿಗೆ ಹಾಕಿ, ಕೈಯಿಂದ ಚೆನ್ನಾಗಿ ಅದುಮಿ ಗಾಳಿಗುಳ್ಳೆ ಬಿಡಿಸಿ. ತೇಲಿದರೆ ಅದು ನೈಲಾನ್ ಅಲ್ಲ. ಪಾಲಿಪ್ರೊಪಿಲೀನಿನ ಸಾಂದ್ರತೆ 0.91, ನೀರಿಗಿಂತ ಕಡಿಮೆ. ನೈಲಾನಿನದು 1.14, ಪಾಲಿಯೆಸ್ಟರಿನದು 1.38. ಇವೆರಡೂ ಮುಳುಗುತ್ತವೆ. ತೇಲುವ ಹಗ್ಗ ಬಾವಿಗೆ, ಹುಲ್ಲಿನ ಹೊರೆಗೆ ಸರಿ. ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಸುಮಾರು 165 ಡಿಗ್ರಿಗೆ ಕರಗುತ್ತದೆ.

ಎರಡನೆಯದು ಡೈನೀಮಾ, ಅಂದರೆ ತುಂಬಾ ಗಟ್ಟಿಯಾದ ಒಂದು ಬಗೆಯ ಪಾಲಿಥೀನ್ ನೂಲು. ಇದೂ ತೇಲುತ್ತದೆ, ಸಾಂದ್ರತೆ 0.97. ಅದೇ ತೂಕದ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಅದನ್ನು ಕೇಳಿದವರು ‘ಇದೇ ಸಾಕಲ್ವಾ’ ಅನ್ನುತ್ತಾರೆ. ಸಾಲದು. ಇದು ಕರಗುವುದು 150 ಡಿಗ್ರಿಯೊಳಗೇ. ಜೊತೆಗೆ ನುಣುಪು ಜಾಸ್ತಿ, ಗಂಟು ಜಾರುತ್ತದೆ. ಮರ ಹತ್ತುವವರ ಜೀವ ನಿಂತಿರುವುದು ಹತ್ತುವ ಹಗ್ಗಕ್ಕೇ ಸುತ್ತಿ ಹಾಕುವ ಹಿಡಿಗಂಟಿನ ಮೇಲೆ. ಪ್ರೂಸಿಕ್ ಆಗಲಿ, ಬ್ಲೇಕ್ ಆಗಲಿ, ಹಗ್ಗವನ್ನು ಕಚ್ಚಿ ಹಿಡಿಯಬೇಕು, ಬೇಕಾದಾಗ ಸಡಿಲವಾಗಿ ಜಾರಬೇಕು. ಹಾಗೆ ಜಾರುವಾಗಲೇ ಬಿಸಿ ಹುಟ್ಟುವುದು. ಬೇಗ ಬೇಗ ಇಳಿದು ಆ ಗಂಟನ್ನು ಮುಟ್ಟಿ ನೋಡಿ, ಬೆರಳು ಇಡಲಾಗುವುದಿಲ್ಲ. ಗಂಟಿನ ಒಳಮೈಯ ನೂಲು ಗಾಜಿನಂತೆ ಹೊಳೆಯುತ್ತಿದ್ದರೆ, ಅಲ್ಲಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಉಗುರಿನಲ್ಲಿ ಗೀರಿದರೆ ಗರಗರ ಅನ್ನುತ್ತದೆ. ಅಂಥ ಗಂಟಿನ ಹಗ್ಗವನ್ನು ಆಗಲೇ ಬದಲಿಸಬೇಕು. ನೈಲಾನ್ 66 ಮತ್ತು ಪಾಲಿಯೆಸ್ಟರ್ ಕರಗಲು ಸುಮಾರು 260 ಡಿಗ್ರಿ ಬೇಕು. ಆ ಅಂತರವೇ ನಮ್ಮ ರಕ್ಷಣೆ.

ತೆಂಗಿನ ನಾರಿನ ಹಗ್ಗ ನಮ್ಮ ಜಿಲ್ಲೆಯದೇ ಆದರೂ ಇಲ್ಲಿ ಬೇಡ. ಒಳಗೇ ಕೊಳೆತರೂ ಹೊರಗೆ ಗೊತ್ತಾಗುವುದಿಲ್ಲ.

ಉಳಿದದ್ದು ನೈಲಾನ್ ಮತ್ತು ಪಾಲಿಯೆಸ್ಟರ್. ನೈಲಾನ್ ಹಗುರ, ಎಳೆದರೆ ಹಿಗ್ಗುತ್ತದೆ. ಆದರೆ ನೆನೆದರೆ ಶೇ 10ರಿಂದ 15ರಷ್ಟು ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಸ್ವಲ್ಪ ಭಾರ. ಮಳೆ ಬಿಸಿಲು ಎರಡನ್ನೂ ಚೆನ್ನಾಗಿ ತಡೆಯುತ್ತದೆ. ನನ್ನ ಹಗ್ಗದ ತಿರುಳು ನೈಲಾನ್, ಹೊದಿಕೆ ಪಾಲಿಯೆಸ್ಟರ್. ಕೈಗೆ, ತೊಗಟೆಗೆ, ಗಂಟಿಗೆ ಸಿಗುವುದು ಹೊದಿಕೆ, ಅದು ಗಡುಸಾಗಿರಲಿ. ಭಾರ ಹೊರುವ ತಿರುಳು ಹಗುರವಾಗಿರಲಿ.

ರಾಮನಗರದ ಬಂಡೆ ಹತ್ತುವ ಗೆಳೆಯರು ತಮ್ಮ ಹಗ್ಗ ಕೊಟ್ಟಿದ್ದರು. ಅದು ಇನ್ನೂ ಹಗುರ. ಆದರೆ ಅದು ಬಿದ್ದವರನ್ನು ಮೆತ್ತಗೆ ತಡೆಯಲು ಮಾಡಿದ ಹಿಗ್ಗುವ ಹಗ್ಗ. ಬರೀ ಮೈಭಾರಕ್ಕೇ ಶೇ 7–8 ಹಿಗ್ಗುತ್ತದೆ. 15 ಮೀಟರಿಗೆ ಒಂದು ಮೀಟರಿಗೂ ಜಾಸ್ತಿ ಬರೀ ಹಿಗ್ಗಿಗೇ ಹೋಯಿತು. ಮರಕ್ಕೆ ಬೇಕಾದದ್ದು ಕಡಿಮೆ ಹಿಗ್ಗುವ ಹಗ್ಗ. ಯುರೋಪಿನ ಇಎನ್ 1891 ಎಂಬ ಮಾನದಂಡದ, ಎ ವರ್ಗದ ಗುರುತಿರುವುದು ಅಂಥದ್ದು. 50 ಕಿಲೋದಿಂದ 150 ಕಿಲೋಗೆ ಭಾರ ಏರಿಸಿದಾಗ ಶೇ 5ಕ್ಕಿಂತ ಹೆಚ್ಚು ಹಿಗ್ಗಬಾರದು, ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿಲೋ ತಡೆಯಬೇಕು. ಗಂಟು ಹಾಕಿದರೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ಹೋದರೂ ಬೇಕಾದಷ್ಟು ಉಳಿಯುತ್ತದೆ. ತುದಿಯ ಹೊದಿಕೆ ಬಿಡಿಸಿ ನೋಡಿದರೆ ತಿರುಳಿನ ನಡುವೆ ತೆಳ್ಳನೆಯ ಪಟ್ಟಿ ಇರುತ್ತದೆ. ತಯಾರಕರ ಹೆಸರು, ಗುರುತು, ವರ್ಷ, ನೂಲಿನ ಹೆಸರು ಅದರ ಮೇಲೇ ಅಚ್ಚಾಗಿರುತ್ತದೆ. ಅದು ಇಲ್ಲದ ಹಗ್ಗವನ್ನು ನಾನು ಕೊಳ್ಳುವುದಿಲ್ಲ. ಒಂದು ಮಾತು ನೆನಪಿರಲಿ: ಇದು ಬೀಳುವುದಕ್ಕಲ್ಲ, ಕೂರುವುದಕ್ಕೆ. ಹಗ್ಗ ಕಟ್ಟಿದ ಕವಲು ಯಾವಾಗಲೂ ತಲೆಗಿಂತ ಮೇಲಿರಬೇಕು, ನಡುವೆ ಸಡಿಲ ಬಿಡಬಾರದು.

ಹಾಗಾದರೆ ತೂಕ ಇಳಿಸಿದ್ದು ಎಲ್ಲಿ? ದಪ್ಪದಲ್ಲಿ ಸ್ವಲ್ಪ. 13 ಮಿಲಿಮೀಟರಿನದು ಮೀಟರಿಗೆ 110 ಗ್ರಾಂ ಆಸುಪಾಸು, 11ರದು 75ರಿಂದ 80. ಅಲ್ಲಿಗೆ ನಿಲ್ಲಿಸಿದೆ. 9 ಮಿಲಿಮೀಟರಿನದು ಇನ್ನೂ ಹಗುರ ನಿಜ, ಆದರೆ ಬೆವರಿದ ಕೈಗೆ ಹಿಡಿತವೇ ಸಿಗುವುದಿಲ್ಲ, ಹಿಡಿಗಂಟೂ ಒಂದೇ ಸಮ ಕಚ್ಚುವುದಿಲ್ಲ.

ಹೆಚ್ಚು ಉಳಿದದ್ದು ಉದ್ದದಲ್ಲಿ. ಕವಲು 15 ಮೀಟರ್ ಎತ್ತರದಲ್ಲಿದ್ದರೆ, ಹಗ್ಗವನ್ನು ಕವಲಿನ ಮೇಲೆ ದಾಟಿಸಿ ಎರಡೂ ಎಳೆ ಕೆಳಗೆ ಬಿಡಲು 35 ಮೀಟರಾದರೂ ಬೇಕು. ಕವಲಿಗೇ ಕುಣಿಕೆ ಬಿಗಿದು ಒಂದೇ ಎಳೆಯಲ್ಲಿ ಹತ್ತಿದರೆ 20 ಮೀಟರ್ ಸಾಕು. ಒಂದೂವರೆ ಕಿಲೋ ಅಷ್ಟೇ. ಆದರೆ ಒಂದೇ ಎಳೆಯಲ್ಲಿ ಪೂರ್ತಿ ಮೈಭಾರ ಹಿಡಿಗಂಟಿನ ಮೇಲೆ ಬೀಳುತ್ತದೆ. ಬರೀ ಗಂಟಿನಲ್ಲಿ ಇಳಿಯಬೇಡಿ. ಇಳಿಯುವ ಲೋಹದ ಸಾಧನ ಹಾಕಿ, ಗಂಟನ್ನು ಕಾವಲಿಗೆ ಇಟ್ಟುಕೊಳ್ಳಿ. ಗುರುವಿನ ಜೊತೆ ನೆಲದ ಹತ್ತಿರವೇ ಕೈ ಪಳಗಿಸಿಕೊಂಡು ಆಮೇಲೆ ಇದಕ್ಕೆ ಬನ್ನಿ.

ಡೈನೀಮಾಕ್ಕೆ ಸರಿಯಾದ ಜಾಗವೂ ಇಲ್ಲೇ ಸಿಕ್ಕಿತು. ಕವಲಿನ ಮೇಲೆ ಹಗ್ಗ ದಾಟಿಸಲು ಮೊದಲು ಎಸೆಯುವ ದಾರ 2 ಮಿಲಿಮೀಟರಿನ ಡೈನೀಮಾ. ತುದಿಗೆ ಮುನ್ನೂರು ಗ್ರಾಮಿನ ಸಣ್ಣ ಮರಳ ಚೀಲ. ನುಣುಪಾಗಿರುವುದರಿಂದ ತೊಗಟೆಯಲ್ಲಿ ಸಿಕ್ಕಿಕೊಳ್ಳದೆ ಸರ್ರನೆ ಇಳಿಯುತ್ತದೆ. ಕೆಲಸ ಮುಗಿದಮೇಲೆ ಕುಣಿಕೆ ಬಿಡಿಸಿ ಹಗ್ಗ ಕೆಳಗೆಳೆಯುವುದಕ್ಕೂ ಅದೇ. ಮೈಭಾರ ಮಾತ್ರ ಅದರ ಮೇಲೆ ಯಾವತ್ತೂ ಬೀಳುವುದಿಲ್ಲ. ಉಕ್ಕಿನ ಕೊಂಡಿಗಳ ಬದಲು ಅಲ್ಯೂಮಿನಿಯಂ ತಂದೆ, ತೂಕ ಅರ್ಧಕ್ಕಿಂತ ಕಡಿಮೆಯಾಯಿತು.

ಹಿಡಿಗಂಟಿಗೆ 8 ಮಿಲಿಮೀಟರಿನ, ಅರಾಮಿಡ್ ಹೊದಿಕೆಯ ಹಗ್ಗ. ಅರಾಮಿಡ್ ಅಂದರೆ ಕೆವ್ಲಾರ್ ಜಾತಿಯ ನೂಲು, ಅದು ಕರಗುವುದೇ ಇಲ್ಲ. ಆದರೆ ಬಿಸಿಲಿಗೆ, ಪದೇ ಪದೇ ಬಾಗುವುದಕ್ಕೆ ಸೋಲುತ್ತದೆ. ಅದಕ್ಕೇ ಆ ತುಂಡನ್ನು ಮುಖ್ಯ ಹಗ್ಗಕ್ಕಿಂತ ಬೇಗ ಬದಲಿಸುತ್ತೇನೆ.

ನಮ್ಮ ಕಡೆ ಹಗ್ಗವನ್ನು ಬೇಗ ಕೆಡಿಸುವುದು ಮಾವಿನ ಸೊನೆ ಮತ್ತು ಹಲಸಿನ ಅಂಟು. ಅಂಟಿದ ಜಾಗ ಗಡುಸಾಗಿ ಹಿಡಿಗಂಟು ಅಲ್ಲೇ ತಡೆಯುತ್ತದೆ. ಪೆಟ್ರೋಲು, ಸೀಮೆಎಣ್ಣೆ ಹಾಕಿ ಉಜ್ಜಬೇಡಿ. ಉಗುರುಬೆಚ್ಚಗಿನ ನೀರು, ಮೆದು ಸೋಪು, ನೆರಳಲ್ಲಿ ಒಣಗು, ಅಷ್ಟೇ. ಬ್ಯಾಟರಿ ಆಸಿಡ್ಡಿನ ಹತ್ತಿರ ಹಗ್ಗ ಇಡಲೇಬಾರದು. ನೈಲಾನಿಗೆ ಆಸಿಡ್ಡಿನ ಆವಿ ಕೂಡ ಕೆಟ್ಟದ್ದು, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಯಲ್ಲಿ ಹಗ್ಗ ಹಾಕಿ ಕಳಿಸುವವರು ಇದನ್ನು ಗಮನಿಸಿ.

ಹತ್ತುವ ಮೊದಲು ಇಡೀ ಹಗ್ಗವನ್ನು ಬೆರಳ ನಡುವೆ ಹಾಯಿಸುತ್ತೇನೆ. ಒಳಗೆ ತಿರುಳು ಟೊಳ್ಳಾಗಿ ಸಿಕ್ಕರೆ, ಬಾಗಿಸಿದಾಗ ಚೂಪಾಗಿ ಮಡಿಚಿದರೆ, ಅವತ್ತಿಗೆ ಅದರ ಕೆಲಸ ಮುಗಿಯಿತು. ಅಂಥ ಹಗ್ಗವನ್ನು ಮೊಳ ಮೊಳ ಕತ್ತರಿಸಿ ದನ ಕಟ್ಟುವವರಿಗೆ ಕೊಡುತ್ತೇನೆ. ಉದ್ದಕ್ಕೆ ಬಿಟ್ಟರೆ ಯಾರಾದರೂ ಅದನ್ನೇ ಹಿಡಿದು ಮರ ಹತ್ತುತ್ತಾರೆ.