ಸಂಜೆ 7ರ ಕೀರ್ತನೆ

2020ರ ಈಸ್ಟರ್ ಏಪ್ರಿಲ್ 12ಕ್ಕೆ ಬಂತು. ನನಗೆ ಬುದ್ಧಿ ಬಂದಾಗಿನಿಂದ ಈಸ್ಟರ್ ದಿನ ಚರ್ಚಿಗೆ ಹೋಗದೆ ಇದ್ದದ್ದು ಅದೇ ಮೊದಲು. ಕೊರೊನಾ ಬಂದು ಎಲ್ಲರೂ ಮನೆಯೊಳಗೇ ಇದ್ದ ದಿನಗಳು. ಆರಾಧನೆ ಮೊಬೈಲಿನಲ್ಲಿ ಬರುತ್ತಿತ್ತು. ಪಾಸ್ಟರ್ ಖಾಲಿ ಬೆಂಚುಗಳ ಮುಂದೆ ನಿಂತು ಪ್ರಸಂಗ ಮಾಡುತ್ತಿದ್ದರು. ನಾನು ಮಂಚದ ಮೇಲೆ ದಿಂಬಿಗೆ ಒರಗಿಕೊಂಡು ನೋಡುತ್ತಿದ್ದೆ. ನಡುನಡುವೆ ಬಂದ ಮೆಸೇಜುಗಳನ್ನೂ ತೆಗೆದು ಓದುತ್ತಿದ್ದೆ. ಆಶೀರ್ವಾದ ಹೇಳಿ ಮುಗಿಸುವ ಮೊದಲೇ ಮೊಬೈಲ್ ಆಫ್ ಮಾಡಿದೆ. ಆಮೇಲೆ ತುಂಬ ಬೇಜಾರಾಯಿತು.

ಅದಕ್ಕೂ ಹಿಂದಿನ ಮೂರು ವಾರ ನಾನು ಸುಮ್ಮನೆ ಕೂತಿರಲಿಲ್ಲ. ದಿನಕ್ಕೆ ಮೂರು ನಾಲ್ಕು ಪ್ರಸಂಗ ಕೇಳುತ್ತಿದ್ದೆ. ಬೈಬಲ್ ವಾಕ್ಯ ಬರೆದ ಚಿತ್ರಗಳು ಬೆಳಗಾಗುವಷ್ಟರಲ್ಲಿ ಹತ್ತಾರು ಬಂದಿರುತ್ತಿದ್ದವು. ಎಲ್ಲವನ್ನೂ ಓದಿ ಇನ್ನೊಬ್ಬರಿಗೆ ಕಳಿಸುತ್ತಿದ್ದೆ. ಕೇಳುವಾಗ ಹಿತ ಅನಿಸೋದು. ಮುಗಿದ ಐದೇ ನಿಮಿಷಕ್ಕೆ ಸತ್ತವರ ಲೆಕ್ಕ ನೋಡೋಕೆ ಕೂರುತ್ತಿದ್ದೆ, ಹೆದರಿಕೆ ಹಾಗೇ ಇರುತ್ತಿತ್ತು. ಅಷ್ಟೊಂದು ಕೇಳಿದೆನಲ್ಲ, ಅದರಲ್ಲಿ ಒಂದು ಮಾತನ್ನು ಈಗ ಹೇಳು ಅಂದರೂ ನೆನಪಾಗುವುದಿಲ್ಲ.

ಆ ಈಸ್ಟರ್ ಸಂಜೆ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ತೆಗೆದೆ. ಎಷ್ಟೋ ಸಲ ಓದಿದ್ದೇ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗಿದ್ದಾರೆ. ಯೇಸು ಬಂದು ನಡುವೆ ನಿಂತು ನಿಮಗೆ ಸಮಾಧಾನವಾಗಲಿ ಅನ್ನುತ್ತಾನೆ. ಅವತ್ತು ನನ್ನ ಕಣ್ಣು ನಿಂತದ್ದು ಅದರ ಮುಂದಿನ ಭಾಗದಲ್ಲಿ. ಎಂಟು ದಿನ ಆದಮೇಲೆ, ಮೊದಲ ಸಲ ಅಲ್ಲಿ ಇಲ್ಲದಿದ್ದ ಶಿಷ್ಯ ತೋಮನೂ ಅವರ ಜೊತೆ ಇರುವಾಗ ಯೇಸು ಮತ್ತೆ ಬರುತ್ತಾನೆ. ಆಗಲೂ ಬಾಗಿಲು ಹಾಕಿಯೇ ಇತ್ತು! ಸಾವಿನಿಂದ ಎದ್ದು ಬಂದ ಕರ್ತನನ್ನು ಕಣ್ಣಾರೆ ಕಂಡವರು ಅವರು. ಆದರೂ ವಾರ ಕಳೆದರೂ ಬಾಗಿಲು ತೆಗೆದಿರಲಿಲ್ಲ. ಯೇಸು ಬಾಗಿಲಿನ ವಿಷಯ ಎತ್ತುವುದೇ ಇಲ್ಲ. ಎರಡನೇ ಸಲವೂ ಅದೇ ಸಮಾಧಾನದ ಮಾತು ಹೇಳುತ್ತಾನೆ. ನಾನು ಅಷ್ಟನ್ನೇ ಮತ್ತೆ ಮತ್ತೆ ಓದಿದೆ.

ಇದನ್ನು ಯಾರಿಗಾದರೂ ಹೇಳಬೇಕು ಅನಿಸಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ದೊಡ್ಡಪ್ಪ ಹೋದಮೇಲೆ ಅವರು ಒಬ್ಬರೇ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಕೊಟ್ಟಿದ್ದ ದಿನ ಎಲ್ಲವೂ ಬಂದ್ ಆಗಿ ಮುಂದಕ್ಕೆ ಹೋಗಿತ್ತು. ಹಬ್ಬದ ಮಾತು ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ವಾಕ್ಯ ಓದದೆ ತುಂಬ ದಿನ ಆಯ್ತು ಮಗಾ. ಅಕ್ಷರ ಎಲ್ಲಾ ಮಂಜು ಮಂಜು."

"ನಾನು ಓದಲಾ ದೊಡ್ಡಮ್ಮ, ಫೋನಲ್ಲಿ?"

"ದಿನಾ ಓದ್ತೀಯಾ?"

ಹೂಂ ಅಂದುಬಿಟ್ಟೆ. ಮರುದಿನ ಸೋಮವಾರ ಸಂಜೆ 7ಕ್ಕೆ ಬೈಬಲಿನ ಕೀರ್ತನೆಗಳ ಪುಸ್ತಕ ತೆಗೆದು ಮೊದಲನೇ ಕೀರ್ತನೆ ಓದಿದೆ. ದಿನಕ್ಕೆ ಒಂದೇ ಕೀರ್ತನೆ, ಕ್ರಮವಾಗಿ, ಯಾವುದನ್ನೂ ಬಿಡಬಾರದು. ಈ ನಿಯಮ ಮಾಡಿದ್ದು ದೊಡ್ಡಮ್ಮ.

ಮೊದಲ ವಾರವೇ ನನ್ನ ಓದಿನ ರೀತಿ ಬದಲಾಯಿತು. ನಾನು ಬೇಗ ಬೇಗ ಓದುವವನು. ಅವರು ನಡುವೆ ತಡೆಯುತ್ತಿದ್ದರು: "ನಿಲ್ಲು, ಅದನ್ನ ಇನ್ನೊಂದು ಸಲ." ಒಂದೊಂದು ವಚನ ಮುಗಿದಾಗ ಆ ಕಡೆ ಅವರ ಉಸಿರು ಕೇಳಿಸುತ್ತಿತ್ತು. ಉಸಿರು ಒಳಗೆ ಹೋಗಿ ಹೊರಗೆ ಬಂದಮೇಲೆ ಮುಂದಿನ ವಚನ ಶುರು ಮಾಡೋದು ಅಂತ ನನಗೆ ನಾನೇ ಲೆಕ್ಕ ಇಟ್ಟುಕೊಂಡೆ. 23ನೇ ಕೀರ್ತನೆಯ ದಿನ ಲೈನ್ ಕಟ್ಟಾಯಿತು. ಮತ್ತೆ ಸಿಕ್ಕಾಗ ಅವರು ನಾನು ನಿಲ್ಲಿಸಿದ ಕಡೆಯಿಂದ ಬಾಯಿಪಾಠ ಹೇಳುತ್ತಲೇ ಇದ್ದರು. ನಾನು ಹಲೋ ಅಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಕೊನೆಯವರೆಗೂ ಸುಮ್ಮನೆ ಕೇಳಿದೆ.

ಕೀರ್ತನೆಗಳಲ್ಲಿ ಅಷ್ಟೊಂದು ಅಳು ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಾವೆಲ್ಲ ಇಷ್ಟವಾದ ಹತ್ತು ಹನ್ನೆರಡನ್ನೇ ಆರಿಸಿ ಓದುತ್ತೇವೆ ಅಲ್ವಾ? ಕ್ರಮವಾಗಿ ಓದಿದರೆ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. 13ನೇ ಕೀರ್ತನೆಯ ಶುರುವಿನಲ್ಲೇ 'ಎಷ್ಟರವರೆಗೆ' ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದು ನಾನೇ ದಿನಾ ಕೇಳುತ್ತಿದ್ದ ಪ್ರಶ್ನೆ. ಇಂಥ ಪ್ರಶ್ನೆ ಕೇಳಿದರೆ ನಂಬಿಕೆ ಕಡಿಮೆ ಅಂದುಕೊಂಡು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. 42ನೇ ಕೀರ್ತನೆಯ ಸರದಿ ಬಂದದ್ದು ಮೇ 24, ಭಾನುವಾರ. ಜನರ ಗುಂಪಿನ ಜೊತೆ ಹಾಡುತ್ತಾ ದೇವರ ಮನೆಗೆ ಹೋಗುತ್ತಿದ್ದೆನಲ್ಲಾ ಅಂತ ಅದನ್ನು ಬರೆದವನು ನೆನೆಸಿಕೊಂಡು ಅಳುತ್ತಾನೆ. ಆ ವಚನದಲ್ಲಿ ನನ್ನ ಗಂಟಲು ಕಟ್ಟಿತು. ದೊಡ್ಡಮ್ಮ ಕಾದರು. ಸಮಾಧಾನ ಹೇಳಲಿಲ್ಲ, ಆಯ್ತಾ ಅಂತಲೂ ಕೇಳಲಿಲ್ಲ.

ಜುಲೈ ಮೊದಲ ವಾರದಲ್ಲಿ ನಮ್ಮ ಚರ್ಚಿನ ಹಿರಿಯರೊಬ್ಬರು ತೀರಿಕೊಂಡರು. ಕೊನೆಯ ಸಲ ಮುಖ ನೋಡಲಿಕ್ಕೂ ಯಾರೂ ಹೋಗುವ ಹಾಗಿರಲಿಲ್ಲ. ಜುಲೈ 9ಕ್ಕೆ 88ನೇ ಕೀರ್ತನೆ. ಮುಂದೆ ಏನಿದೆ ಅಂತ ನಾನು ಮೊದಲೇ ನೋಡಿಕೊಂಡಿರಲಿಲ್ಲ. ಹೆಚ್ಚಿನ ದುಃಖದ ಕೀರ್ತನೆಗಳು ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಗೆಳೆಯರು ದೂರವಾದರು ಅಂತ ಹೇಳಿ ಕತ್ತಲೆಯಲ್ಲೇ ಮುಗಿಯುತ್ತದೆ. ನನಗೆ ಗಾಬರಿಯಾಯಿತು. ಇಷ್ಟಕ್ಕೇ ಬಿಟ್ಟರೆ ಅವರು ರಾತ್ರಿಯೆಲ್ಲಾ ಕೊರಗುತ್ತಾರೆ ಅನಿಸಿತು. "ದೊಡ್ಡಮ್ಮ, 89ನ್ನೂ ಓದಿಬಿಡ್ತೀನಿ, ಅದು ಹಾಡಿನಿಂದ ಶುರುವಾಗುತ್ತೆ" ಅಂದೆ.

"ಬೇಡ ಮಗಾ. ಇವತ್ತಿಗೆ ಅಲ್ಲೇ ನಿಲ್ಲಿಸು."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ್ದು ಇದು: "ನಿಮ್ಮ ದೊಡ್ಡಪ್ಪ ಹೋದ ರಾತ್ರಿ ಬಂದೋರೆಲ್ಲಾ ಪರಲೋಕದ ಮಾತೇ ಹೇಳಿದ್ರು. ಎಲ್ಲಾ ನಿಜಾನೇ. ಆದ್ರೆ ಆವತ್ತು ನಂಗೆ ಬೇಕಾಗಿದ್ದು ಇದು. ಇದೂ ಸತ್ಯವೇದದಲ್ಲೇ ಇದೆ ಅನ್ನೋದು ನಂಗೆ ಹೊಳೀಲಿಲ್ಲ."

ಮೂರು ದಿನ ಬಿಟ್ಟು 91ನೇ ಕೀರ್ತನೆ. ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದ್ದುದು ಅದೇ. ಇದನ್ನು ನಂಬಿದವರ ಹತ್ತಿರ ರೋಗ ಸುಳಿಯುವುದಿಲ್ಲ, ಹತ್ತು ಜನಕ್ಕೆ ಕಳಿಸಿ ಅಂತ ಕೆಳಗೆ ಬರೆದಿರುತ್ತಿತ್ತು. ತೀರಿಕೊಂಡ ಆ ಹಿರಿಯರು ದಿನಾ ಬೆಳಗ್ಗೆ ಈ ಕೀರ್ತನೆ ಓದುತ್ತಿದ್ದವರು. ಹಾಗಾದರೆ ಅವರಿಗೆ ನಂಬಿಕೆ ಇರಲಿಲ್ಲವಾ? ಆ ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು. ಹುಡುಕಿದಾಗ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಉತ್ತರ ಸಿಕ್ಕಿತು. ದೇವಾಲಯದ ಮೇಲಿನಿಂದ ಧುಮುಕು ಅಂತ ಸೈತಾನ ಯೇಸುವನ್ನು ಕೆಣಕುವಾಗ ಎತ್ತಿ ಹೇಳುವುದು ಈ 91ನೇ ಕೀರ್ತನೆಯ ಮಾತನ್ನೇ. ಯೇಸು ದೇವರನ್ನು ಪರೀಕ್ಷೆ ಮಾಡಬಾರದು ಅಂತ ಹೇಳಿ ಧುಮುಕುವುದಿಲ್ಲ. ತಾಯಿತದ ಹಾಗೆ ಕಟ್ಟಿಕೊಳ್ಳೋಕೆ ಕೊಟ್ಟ ಮಾತಲ್ಲ ಅದು. ಕಷ್ಟದಲ್ಲಿ ನಿನ್ನ ಜೊತೆ ಇರುತ್ತೇನೆ ಅಂತ ದೇವರು ಹೇಳುವ ಮಾತೂ ಆ ಕೀರ್ತನೆಯ ಕೊನೆಯಲ್ಲೇ ಇದೆ. ಕಷ್ಟವೇ ಬರುವುದಿಲ್ಲ ಅಂತಿದ್ದರೆ ಆ ಮಾತು ಯಾಕೆ ಬೇಕಿತ್ತು? ಅವತ್ತು ನಾವು ಆ ವಚನವನ್ನು ಮೂರು ಸಲ ಓದಿದೆವು. ಆ ಹಿರಿಯರ ಹೆಂಡತಿಗೆ ಮರುದಿನ ಫೋನ್ ಮಾಡಿದೆ. ಕೀರ್ತನೆಯ ಅರ್ಥ ಹೇಳೋಕೆ ಹೋಗಲಿಲ್ಲ. ಅವರು ಮಾತಾಡಿದರು, ನಾನು ಕೇಳಿಸಿಕೊಂಡೆ.

ಬೇರೆ ಕೆಲವು ಸಣ್ಣ ಬದಲಾವಣೆಗಳನ್ನೂ ಮಾಡಿಕೊಂಡೆ. ಸುದ್ದಿಯನ್ನು ದಿನಕ್ಕೆ ಒಂದೇ ಸಲ ನೋಡೋದು, ಅದೂ ಮಧ್ಯಾಹ್ನ. ಭಾನುವಾರ ಸ್ನಾನ ಮಾಡಿ, ಚರ್ಚಿಗೆ ಹಾಕುವ ಬಟ್ಟೆಯನ್ನೇ ಹಾಕಿ, ಕುರ್ಚಿಯಲ್ಲಿ ಕೂರೋದು. ಹಾಡುವಾಗ ಎದ್ದು ನಿಲ್ಲೋದು. ಕೋಣೆಯಲ್ಲಿ ನನ್ನ ಒಬ್ಬನ ದನಿ ಕೇಳಿ ಮೊದಲೆರಡು ವಾರ ಮುಜುಗರವಾಯಿತು, ಆಮೇಲೆ ಅಭ್ಯಾಸವಾಯಿತು. ಪ್ರಸಂಗ ವಾರಕ್ಕೆ ಒಂದೇ, ನಮ್ಮ ಪಾಸ್ಟರ್ ಮಾಡಿದ್ದು ಮಾತ್ರ. ಅವರು ನಮ್ಮ ಮನೆಯ ಕಷ್ಟ ಬಲ್ಲವರು. ಬೇರೆಯವರು ಎಷ್ಟೇ ಚೆನ್ನಾಗಿ ಮಾತಾಡಲಿ, ನನ್ನ ಹೆಸರು ಹೇಳಿ ಪ್ರಾರ್ಥಿಸುವವರು ಇವರೇ ತಾನೇ.

ನಿದ್ದೆಯ ವಿಷಯ ಒಂದು ಹೇಳಬೇಕು. ರಾತ್ರಿ ಎರಡಕ್ಕೆ ಎಚ್ಚರವಾಗಿ, ಪ್ರಾರ್ಥನೆ ಮಾಡೋಕೂ ಆಗದೆ, ಅದಕ್ಕೂ ತಪ್ಪಿತಸ್ಥ ಅನಿಸುತ್ತಿತ್ತು. ಆದರೆ ಬೈಬಲಿನಲ್ಲಿ ಪ್ರವಾದಿ ಎಲೀಯ ಸಾಕು ಕರ್ತನೇ, ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗಿದಾಗ ದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ಇದು ತಿಳಿದಮೇಲೆ ಹೊತ್ತಿಗೆ ಸರಿಯಾಗಿ ಉಣ್ಣೋದು, ಮಲಗೋದನ್ನೂ ಭಕ್ತಿಯ ಲೆಕ್ಕಕ್ಕೆ ಸೇರಿಸಿಕೊಂಡೆ. ಹೆದರಿಕೆ ತೀರಾ ಜಾಸ್ತಿಯಾಗಿ ಊಟ ನಿದ್ದೆ ಬಿಟ್ಟವರು ಡಾಕ್ಟರ ಹತ್ತಿರ ಮಾತಾಡಲೇಬೇಕು. ಅದೂ ದೇವರು ಕೊಡುವ ರೊಟ್ಟಿಯೇ.

ಮನೆಯೊಳಗೆ ಕೂತು ಏನೂ ಆಗುತ್ತಿಲ್ಲ ಅನಿಸಿದಾಗ ಅಪೊಸ್ತಲ ಪೌಲನನ್ನು ನೆನೆಸಿಕೊಳ್ಳುತ್ತಿದ್ದೆ. ರೋಮಿನಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿ, ಕಾವಲಿಗೊಬ್ಬ ಸಿಪಾಯಿ. ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಸಂತೋಷಪಡಿರಿ ಅಂತ ಬರೆದದ್ದೂ ಸೆರೆಯಲ್ಲಿದ್ದಾಗಲೇ. ನನಗೆ ಅದಕ್ಕಿಂತ ಹತ್ತಿರವಾದದ್ದು ಅವನು ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆ. ತ್ರೋವ ಅನ್ನುವ ಊರಲ್ಲಿ ಬಿಟ್ಟು ಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಂದುಬಿಡು ಅನ್ನುತ್ತಾನೆ. ಅಷ್ಟು ದೊಡ್ಡ ಅಪೊಸ್ತಲನಿಗೂ ಚಳಿಯಾಗುತ್ತಿತ್ತು, ಒಬ್ಬಂಟಿ ಅನಿಸುತ್ತಿತ್ತು. ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ. ಅದನ್ನು ಓದಿದಮೇಲೆ ನಾನೂ ಇಬ್ಬರು ಗೆಳೆಯರಿಗೆ ಫೋನ್ ಮಾಡಿ, ನನಗೆ ಹೆದರಿಕೆಯಾಗುತ್ತಿದೆ, ನನಗೋಸ್ಕರ ಪ್ರಾರ್ಥಿಸಿ ಅಂತ ಹೇಳಿದೆ. ಅವರಿಗೂ ಹಾಗೇ ಆಗುತ್ತಿತ್ತಂತೆ.

119ನೇ ಕೀರ್ತನೆಗೆ 176 ವಚನ. ಅದನ್ನು 11 ದಿನಕ್ಕೆ ಹಂಚಿಕೊಂಡೆವು. ಹಾಗಾಗಿ ಕೊನೆಯದಾದ 150ಕ್ಕೆ ಬರುವಾಗ ಸೆಪ್ಟೆಂಬರ್ 19 ಆಗಿತ್ತು. ಓದಿ ಮುಗಿಸಿದೆ. ದೊಡ್ಡಮ್ಮ ಆಮೆನ್ ಅಂದರು. "ನಾಳೆ ಒಂದನೇ ಕೀರ್ತನೆ ಅಲ್ವಾ?" ಅಂತ ಕೇಳಿದರು.

ಆ ಎರಡನೇ ಸುತ್ತಿನ ನಡುವೆ ಅವರ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ಹೊಸ ಕನ್ನಡಕ ಬಂದಮೇಲೆ ಓದುವ ಕೆಲಸ ಅವರೇ ತೆಗೆದುಕೊಂಡರು. ಕೇಳುವುದು ನನ್ನ ಸರದಿ. 88ನೇ ಕೀರ್ತನೆಯ ಸಂಜೆ ಅವರು ಕೊನೆಯ ವಚನ ಓದಿ ನಿಲ್ಲಿಸಿದರು. ಮುಂದಿನದನ್ನು ಓದಿ ಅಂತ ನಾನು ಕೇಳಲಿಲ್ಲ.