ಐರ್ಲೆಂಡಿಗೆ ಕಂಪನಿಗಳು ಯಾಕೆ ಬರುತ್ತವೆ, ಅದರಿಂದ ನಮಗೇನು?

ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್, ಡಾಕ್ಟರ್‌ಗಳನ್ನು ಬಿಟ್ಟರೆ ಐರ್ಲೆಂಡಿನಲ್ಲಿರುವ ನಮ್ಮವರಲ್ಲಿ ಹಲವರು ಅಮೆರಿಕದ ಕಂಪನಿಗಳಲ್ಲಿದ್ದಾರೆ. ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್, ಕಾರ್ಕ್‌ನಲ್ಲಿ ಔಷಧ, ಗಾಲ್ವೇಯಲ್ಲಿ ವೈದ್ಯಕೀಯ ಉಪಕರಣ. ಈ ಕಂಪನಿಗಳು ಇಲ್ಲಿಗೆ ಯಾಕೆ ಬಂದವು, ಯಾಕೆ ಉಳಿದಿವೆ ಅಂತ ಇಲ್ಲಿ ಕೆಲಸ ಮಾಡುವವರು ಒಮ್ಮೆಯಾದರೂ ಯೋಚಿಸಬೇಕು. ನಮ್ಮ ಕೆಲಸದ ಪರ್ಮಿಟ್, ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಅದರ ಮೇಲೇ ನಿಂತಿವೆ.

ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ತೆರಿಗೆ. 2003ರಿಂದ ಇಲ್ಲಿ ಕಂಪನಿಗಳ ಲಾಭದ ಮೇಲಿನ ತೆರಿಗೆ ಶೇ 12.5. ಅದು ದೊಡ್ಡ ಆಕರ್ಷಣೆ ಹೌದು. ಆದರೆ 2024ರಿಂದ ವರ್ಷಕ್ಕೆ 75 ಕೋಟಿ ಯೂರೋಗಿಂತ ಜಾಸ್ತಿ ವಹಿವಾಟಿರುವ ಕಂಪನಿ ಸಮೂಹಗಳಿಗೆ ಕನಿಷ್ಠ ಶೇ 15 ಆಗಿದೆ. ಹಾಗಂತ ಯಾರೂ ಗಂಟುಮೂಟೆ ಕಟ್ಟಲಿಲ್ಲ. ಆಪಲ್ ಪ್ರಕರಣದಲ್ಲಂತೂ 2024ರ ಸೆಪ್ಟೆಂಬರಿನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ 1300 ಕೋಟಿ ಯೂರೋ ಹಳೆ ತೆರಿಗೆ ಕಟ್ಟಿಸಿಕೊಳ್ಳಲೇಬೇಕು ಎಂದು ಐರ್ಲೆಂಡಿಗೆ ಹೇಳಿತು. ಆಪಲ್ ಕಾರ್ಕ್‌ನಲ್ಲೇ ಇದೆ. ಅದು ಅಲ್ಲಿಗೆ ಬಂದದ್ದು 1980ರಲ್ಲಿ.

ಹಾಗಾದರೆ ಹಿಡಿದಿಟ್ಟುಕೊಂಡಿರುವುದು ಏನು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1950ರ ದಶಕದಲ್ಲಿ ಈ ದೇಶ ಕೆಲಸವಿಲ್ಲದೆ ಸುಮಾರು 4 ಲಕ್ಷ ಜನರನ್ನು ಹೊರಗೆ ಕಳಿಸಿತ್ತು. ಹೊರಗಿನ ಸರಕಿಗೆ ಬಾಗಿಲು ಹಾಕಿಕೊಂಡು ಕೂತದ್ದು ಅದಕ್ಕೊಂದು ಮುಖ್ಯ ಕಾರಣ. 1958ರಲ್ಲಿ ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟೇಕರ್ ಆ ಬಾಗಿಲು ತೆಗೆಯಬೇಕು ಅಂತ ವರದಿ ಬರೆದರು. ಮರುವರ್ಷವೇ ಶಾನನ್ ವಿಮಾನ ನಿಲ್ದಾಣದ ಪಕ್ಕದಲ್ಲಿ ಸುಂಕವಿಲ್ಲದ ಕೈಗಾರಿಕಾ ವಲಯ ಶುರುವಾಯಿತು. 1967ರಲ್ಲಿ ಹೈಸ್ಕೂಲ್ ಶಿಕ್ಷಣಕ್ಕೆ ಫೀಸ್ ತೆಗೆದರು. 1973ರಲ್ಲಿ ಯುರೋಪಿನ ಒಕ್ಕೂಟ ಸೇರಿದರು. 1989ರಲ್ಲಿ ಚಿಪ್ ಮಾಡುವ ಇಂಟೆಲ್ ಡಬ್ಲಿನ್ ಹತ್ತಿರದ ಲೀಕ್ಸ್‌ಲಿಪ್‌ಗೆ ಬರುವ ಹೊತ್ತಿಗೆ ಓದಿದ, ಇಂಗ್ಲಿಷ್ ಮಾತಾಡುವ ಹುಡುಗ ಹುಡುಗಿಯರ ಒಂದು ತಲೆಮಾರೇ ತಯಾರಿತ್ತು. ಬ್ರೆಕ್ಸಿಟ್ ಆದ ಮೇಲೆ ಇಂಗ್ಲಿಷ್‌ನಲ್ಲೇ ವ್ಯವಹಾರ ಮಾಡಿಕೊಂಡು ಇಡೀ ಯುರೋಪಿಗೆ ಮಾರಬೇಕು ಅನ್ನುವ ಅಮೆರಿಕದ ಕಂಪನಿಗೆ ಐರ್ಲೆಂಡ್ ಮೊದಲು ನೆನಪಾಗುವುದು ಸಹಜ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಐಡಿಎ ಎಂಬ ಸಂಸ್ಥೆ. 1949ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಇದು. ಹೊರಗಿನ ಕಂಪನಿಗಳನ್ನು ಹುಡುಕಿಕೊಂಡು ಹೋಗುವುದು, ಜಾಗ ತೋರಿಸುವುದು, ಅನುದಾನದ ಮಾತಾಡುವುದು, ಬಂದ ಮೇಲೂ ವಿಚಾರಿಸಿಕೊಳ್ಳುವುದು ಇದರ ಕೆಲಸ. ಯಾವ ಪಕ್ಷದ ಸರ್ಕಾರ ಬಂದರೂ ಈ ಕೆಲಸ ನಿಲ್ಲಲಿಲ್ಲ, ದಿಕ್ಕೂ ಬದಲಾಗಲಿಲ್ಲ. ಹತ್ತಿಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿ ಕಾರ್ಖಾನೆ ಕಟ್ಟುವವರಿಗೆ ತೆರಿಗೆಗಿಂತ ಈ ಭರವಸೆಯೇ ದೊಡ್ಡದು ಅಂತ ನನಗನ್ನಿಸುತ್ತದೆ. ಇಂದು ಐಡಿಎ ಮೂಲಕ ಬಂದ ಕಂಪನಿಗಳಲ್ಲಿ ಸುಮಾರು 3 ಲಕ್ಷ ಜನ ದುಡಿಯುತ್ತಿದ್ದಾರೆ. ದೇಶದ ಜನಸಂಖ್ಯೆಯೇ 54 ಲಕ್ಷದ ಆಸುಪಾಸು, ಬೆಂಗಳೂರಿನ ಅರ್ಧವೂ ಇಲ್ಲ.

ಅಂದ ಹಾಗೆ, ಬಂಡವಾಳ ಒಮ್ಮೆ ಇಲ್ಲಿಂದ ನಮ್ಮೂರಿಗೂ ಹರಿದಿದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನಲ್ಲಿ ಬಯೋಕಾನ್ ಶುರು ಮಾಡಿದ್ದು ಕಾರ್ಕ್‌ನ ಬಯೋಕಾನ್ ಬಯೋಕೆಮಿಕಲ್ಸ್ ಜೊತೆಗಿನ ಪಾಲುದಾರಿಕೆಯಲ್ಲಿ.

ಸ್ವಿಟ್ಜರ್ಲೆಂಡಿನ ಐಎಂಡಿ ಎಂಬ ಮ್ಯಾನೇಜ್‌ಮೆಂಟ್ ಶಾಲೆ ಪ್ರತಿವರ್ಷ ದೇಶಗಳ ಸ್ಪರ್ಧಾಶಕ್ತಿಯ ಪಟ್ಟಿ ಮಾಡುತ್ತದೆ. 2023ರಲ್ಲಿ ಐರ್ಲೆಂಡ್ 2ನೇ ಸ್ಥಾನದಲ್ಲಿತ್ತು. 2024ರಲ್ಲಿ 4ಕ್ಕೆ, 2025ರಲ್ಲಿ 7ಕ್ಕೆ ಇಳಿಯಿತು. ಈಗಲೂ ಒಳ್ಳೆಯ ಜಾಗವೇ. ಆದರೆ ಇಲ್ಲಿ ಬದುಕುವವರಿಗೆ ಕೊರತೆ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಸಿಕ್ಕರೂ ಸಂಬಳದ ದೊಡ್ಡ ಪಾಲು ನುಂಗುತ್ತದೆ. ಕಂಪನಿ ಆಫರ್ ಕೊಟ್ಟರೂ ಮನೆ ಸಿಗದೆ ಹಿಂದೆ ಸರಿಯುವವರಿದ್ದಾರೆ. ಕರೆಂಟ್ ಕಥೆಯೂ ಹಾಗೇ. 2024ರಲ್ಲಿ ದೇಶದ ವಿದ್ಯುತ್ ಬಳಕೆಯಲ್ಲಿ ಶೇ 22ರಷ್ಟು ಡೇಟಾ ಸೆಂಟರ್‌ಗಳಿಗೇ ಹೋಯಿತು.

ತಲಾ ಜಿಡಿಪಿ ನೋಡಿ ಮರುಳಾಗಬೇಡಿ. 2015ರಲ್ಲಿ ಇಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ 26 ಏರಿತು ಅಂತ ಲೆಕ್ಕ ಬಂತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಗಳನ್ನು ಐರ್ಲೆಂಡಿನ ಲೆಕ್ಕಕ್ಕೆ ತಂದದ್ದು ಅದಕ್ಕೆ ಮುಖ್ಯ ಕಾರಣ. ಜನರ ಜೇಬಿಗೆ ಅದು ಬರಲಿಲ್ಲ. ಅದಾದ ಮೇಲೆ ಇಲ್ಲಿನ ಅಂಕಿಅಂಶ ಇಲಾಖೆ ಇಂಥದ್ದನ್ನೆಲ್ಲ ಕಳೆದು ತೋರಿಸುವ ಬೇರೆ ಅಳತೆಯನ್ನೇ ಮಾಡಿಕೊಂಡಿತು.

ನಿಜವಾದ ಅಪಾಯ ಬೇರೆ. ಕಂಪನಿ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೇವಲ ಹತ್ತು ಕಂಪನಿಗಳಿಂದ ಬರುತ್ತದೆ. ಸರ್ಕಾರಕ್ಕೂ ಇದು ಗೊತ್ತು. ಅದಕ್ಕೇ 2024ರಲ್ಲಿ ಹೆಚ್ಚುವರಿ ಹಣ ಕೂಡಿಡಲು ಎರಡು ನಿಧಿಗಳನ್ನು ಮಾಡಿತು. ಸರ್ಕಾರವೇ ಇಷ್ಟು ಹುಷಾರಾಗಿರುವಾಗ ನಾವೂ ಹುಷಾರಾಗಿರಬೇಕು ಅಲ್ವಾ? ಅಮೆರಿಕದಲ್ಲಿ ಯಾರೋ ತೆಗೆದುಕೊಳ್ಳುವ ತೀರ್ಮಾನಕ್ಕೆ ಇಲ್ಲಿ ನಮ್ಮ ಕೆಲಸ ಹೋಗಬಹುದು.

ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್‌ನಲ್ಲಿ, ಅಂದರೆ ಇಲ್ಲಿ ಕೊರತೆಯಿರುವ ಕೌಶಲದ ಕೆಲಸಗಳಿಗೆ ಕೊಡುವ ಪರ್ಮಿಟ್‌ನಲ್ಲಿ, ಬಂದವರಿಗೆ ಸುಮಾರು 2 ವರ್ಷದ ನಂತರ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿ ಸಿಗುತ್ತದೆ. ಅದು ಸಿಕ್ಕರೆ ಯಾವ ಕಂಪನಿಗಾದರೂ ಹೋಗಬಹುದು. ಅರ್ಜಿ ಹಾಕುವುದನ್ನು ಒಂದು ದಿನವೂ ಮುಂದೂಡಬೇಡಿ. ಅದಕ್ಕೂ ಮುಂಚೆ ಕೆಲಸ ಬದಲಿಸಬೇಕಾದರೆ, 2024ರ ಸೆಪ್ಟೆಂಬರಿನ ಹೊಸ ಕಾನೂನಿನ ಪ್ರಕಾರ ಮೊದಲ ಕಂಪನಿಯಲ್ಲಿ 9 ತಿಂಗಳು ಕಳೆದಿದ್ದರೆ ಸಾಕು. ಪರ್ಮಿಟ್‌ನಲ್ಲಿದ್ದಾಗ ಕಂಪನಿ ಹುದ್ದೆಯನ್ನೇ ರದ್ದು ಮಾಡಿ ಕೆಲಸದಿಂದ ತೆಗೆದರೆ 4 ವಾರದೊಳಗೆ ಪರ್ಮಿಟ್ ಕೊಡುವ ಇಲಾಖೆಗೆ ತಿಳಿಸಿ. ಹೊಸ ಕೆಲಸ ಹುಡುಕಲು 6 ತಿಂಗಳು ಸಮಯವಿರುತ್ತದೆ. ಗಾಬರಿಯಲ್ಲಿ ಈ 4 ವಾರದ ಮಾತನ್ನೇ ಮರೆತುಬಿಡುವುದು ಸುಲಭ.

ಹೀಗೆ ಕೆಲಸ ಹೋದವರಿಗೆ 2 ವರ್ಷ ಸೇವೆ ಆಗಿದ್ದರೆ ಕಾನೂನಿನ ಪ್ರಕಾರ ಪರಿಹಾರ ಬರಲೇಬೇಕು. ವರ್ಷಕ್ಕೆ 2 ವಾರದಂತೆ, ಅದರ ಮೇಲೆ ಇನ್ನೊಂದು ವಾರದ ಸಂಬಳ. ಆದರೆ ವಾರಕ್ಕೆ 600 ಯೂರೋ ಮಿತಿ ಇದೆ. ದೊಡ್ಡ ಸಂಬಳದವರಿಗೆ ಇದು ಸಾಲದು, ಹಾಗಾಗಿ ಕಂಪನಿ ಅದಕ್ಕಿಂತ ಜಾಸ್ತಿ ಕೊಡುತ್ತದೆಯೋ ಎಂದು ಕೆಲಸ ಬಿಡುವ ಪತ್ರಕ್ಕೆ ಸಹಿ ಮಾಡುವ ಮುಂಚೆ ಕೇಳಿ. ಒಮ್ಮೆಗೇ ಬಹಳ ಜನರನ್ನು ತೆಗೆಯುವುದಾದರೆ ಕಂಪನಿ ನೌಕರರ ಪ್ರತಿನಿಧಿಗಳ ಜೊತೆ ಕನಿಷ್ಠ 30 ದಿನ ಮಾತುಕತೆ ನಡೆಸಬೇಕು. ಆ ದಿನಗಳನ್ನು ಬಳಸಿಕೊಳ್ಳಿ.

ಸ್ವಂತ ಕಂಪನಿಯ ಆಸೆ ಇರುವವರು ಸ್ಟ್ಯಾಂಪ್ 4 ಬರುವವರೆಗೆ ಕಾಯುವುದೇ ಸರಿ, ಯಾಕೆಂದರೆ ಪರ್ಮಿಟ್ ಇರುವುದು ಅದರಲ್ಲಿ ಹೆಸರಿಸಿದ ಕೆಲಸಕ್ಕೆ ಮಾತ್ರ. ಊರಿನಲ್ಲಿದ್ದುಕೊಂಡೇ ಇಲ್ಲಿ ಕಂಪನಿ ತೆರೆಯುವವರು ಯುರೋಪಿಯನ್ ಆರ್ಥಿಕ ವಲಯದಲ್ಲಿ (ಬ್ರಿಟನ್ ಇದರಲ್ಲಿಲ್ಲ) ವಾಸವಿರುವ ಒಬ್ಬ ನಿರ್ದೇಶಕರನ್ನು ಹುಡುಕಬೇಕು, ಇಲ್ಲವಾದರೆ ವಿಮೆಯಂಥ ಒಂದು ಬಾಂಡ್ ಮಾಡಿಸಬೇಕು. ಹೊಸ ಬಗೆಯ ಉದ್ಯಮದ ಯೋಚನೆ ಮತ್ತು 50,000 ಯೂರೋ ಬಂಡವಾಳ ಇದ್ದವರಿಗೆ ಸ್ಟಾರ್ಟ್‌ಅಪ್ ಉದ್ಯಮಿಗಳ ಯೋಜನೆ ಇದೆ. ಆದರೆ ದೊಡ್ಡ ಹಣ ಹೂಡಿ ವಾಸದ ಅನುಮತಿ ಪಡೆಯುವ ಹೂಡಿಕೆದಾರರ ಯೋಜನೆಯನ್ನು ಸರ್ಕಾರ 2023ರ ಫೆಬ್ರವರಿಯಲ್ಲೇ ಹೊಸ ಅರ್ಜಿಗಳಿಗೆ ಮುಚ್ಚಿದೆ. ಅದರ ಹೆಸರಲ್ಲಿ ಯಾವ ಏಜೆಂಟ್ ಮುಂಗಡ ಕೇಳಿದರೂ ಕೊಡಬೇಡಿ.