ಪುಟ್ಟ ಗೇರ್: ಹಲ್ಲಿಗಿಂತ ಮೊದಲು ತೂತು ನೋಡಿ

ಗೇರ್ ಕೈಗೆ ಕೊಟ್ಟರೆ ಎಲ್ಲರೂ ಹಲ್ಲು ನೋಡುತ್ತಾರೆ. ನಾನು ನಡುವಿನ ತೂತು ನೋಡುತ್ತೇನೆ. ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಹಲ್ಲು ಎಷ್ಟು ಚೆಂದ ಬಂದರೂ ಪ್ರಯೋಜನವಿಲ್ಲ.

ನಾನು ಜಾಸ್ತಿ ಮಾಡುವ ಅಳತೆಯನ್ನೇ ಹೇಳುತ್ತೇನೆ: 7075 (ಗಟ್ಟಿ ಜಾತಿಯ) ಅಲ್ಯೂಮಿನಿಯಂ, ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಅಳತೆ) 0.5, ಹಲ್ಲು 36, ದಪ್ಪ 4 ಮಿ.ಮೀ. ಹಲ್ಲಿಗೆ 2 ಸೇರಿಸಿ ಮಾಡ್ಯೂಲಿನಿಂದ ಗುಣಿಸಿದರೆ ಹೊರವ್ಯಾಸ 19 ಮಿ.ಮೀ. ಹಲ್ಲಿನ ಆಳ 2.25 ಮಾಡ್ಯೂಲ್, ಅಂದರೆ 1.125. ಹಲ್ಲು ಕತ್ತರಿಸುವ ಕಟರ್ ಮೇಲೆ ಬೇರೆ ಆಳ ಕೆತ್ತಿದ್ದರೆ ಅದನ್ನೇ ನಂಬಿ. ಇದೇ ಗೇರ್ ಉಕ್ಕಿನದಾದರೆ ತೂಕ ಹೆಚ್ಚುಕಡಿಮೆ ಮೂರು ಪಟ್ಟು.

ಲೇಥ್‌ನಲ್ಲಿ ಹೊರವ್ಯಾಸ 20ರ ಹತ್ತಿರ ಬಿಟ್ಟು, ಒಂದು ಮುಖ ಮತ್ತು ಬೋರ್ (ನಡುವಿನ ತೂತು) ಒಂದೇ ಹಿಡಿತದಲ್ಲಿ ಮುಗಿಸಿ. ತೂಕ ಇಳಿಸುವ ಗುಂಡಿಯನ್ನೂ ಈಗಲೇ ತೋಡಿ. ಹಲ್ಲು ಕತ್ತರಿಸಿದ ಮೇಲೆ ತೋಡಿದರೆ ಲೋಹದೊಳಗಿನ ಬಿಗುವು ಸಡಿಲವಾಗಿ ಗೇರ್ ಸೊಟ್ಟಗಾಗುತ್ತದೆ. ಗುಂಡಿಯ ವ್ಯಾಸ 14 ದಾಟದಿರಲಿ. ಹಲ್ಲಿನ ಬುಡ 16.75ಕ್ಕೆ ಬರುತ್ತದೆ, ಅದರ ಕೆಳಗೆ ಒಂದಿಷ್ಟು ಮಾಂಸ ಬೇಕಲ್ವಾ?

ಆಮೇಲೆ ಬ್ಲ್ಯಾಂಕನ್ನು (ಇನ್ನೂ ಹಲ್ಲಿಲ್ಲದ ಬಿಲ್ಲೆ) ಮ್ಯಾಂಡ್ರಲ್‌ಗೆ (ಬೋರಿನಲ್ಲಿ ತೂರಿಸಿ ಹಿಡಿಯುವ ಸರಳು) ಏರಿಸಿ 19ಕ್ಕೆ ತನ್ನಿ. ಬಿಸಿಯಿದ್ದಾಗ ಅಳೆಯಬೇಡಿ. 20 ಡಿಗ್ರಿ ಬಿಸಿ ಏರಿದರೆ ಇಷ್ಟು ಚಿಕ್ಕ ಬ್ಲ್ಯಾಂಕೂ ಸುಮಾರು 9 ಮೈಕ್ರಾನ್ ಹಿಗ್ಗುತ್ತದೆ. ಮ್ಯಾಂಡ್ರಲಿನಿಂದ ಬಿಚ್ಚದೆ ಹಾಗೆಯೇ ಡಿವೈಡಿಂಗ್ ಹೆಡ್‌ಗೆ (ಬ್ಲ್ಯಾಂಕನ್ನು ಸಮಪಾಲಾಗಿ ತಿರುಗಿಸುವ ಸಾಧನ) ಸಾಗಿಸಿ. ಹಿಡಿಯಲು ಕೊಲೆಟ್ (ಸುತ್ತಲೂ ಸಮನಾಗಿ ಬಿಗಿಯುವ ಸೀಳು ತೋಳು) ಬೇಕು, ಮೂರು ದವಡೆಯ ಚಕ್ ಬೇಡ. ಬ್ಲ್ಯಾಂಕ್ ತಿರುಗಿಸಿದಾಗ ಡಯಲ್ ಗೇಜ್ ಮುಳ್ಳು 0.01 ಮಿ.ಮೀ.ಗಿಂತ ಜಾಸ್ತಿ ಆಡಿದರೆ ಮತ್ತೆ ಕೂರಿಸಿ. ಎರಡೂ ಪಕ್ಕ 16 ಮಿ.ಮೀ. ವಾಷರ್ ಕೊಟ್ಟು ಬಿಗಿಯಿರಿ. ತೆಳು ಗೇರ್ ಅದುರುವುದು ನಿಲ್ಲುತ್ತದೆ.

ಕಟರ್ ನಂಬರ್‌ನಲ್ಲಿ ಹೊಸಬರು ಬೀಳುವ ಹಳ್ಳವೊಂದಿದೆ. 35ರಿಂದ 54 ಹಲ್ಲಿಗೆ ಮಾಡ್ಯೂಲ್ ಸೆಟ್‌ನಲ್ಲಿ ಸಾಮಾನ್ಯವಾಗಿ 6ನೇ ನಂಬರ್. ಡಿಪಿ (ಇಂಚಿನ ಲೆಕ್ಕದ) ಸೆಟ್‌ನಲ್ಲಿ ಎಣಿಕೆ ಉಲ್ಟಾ, ಅಲ್ಲಿ ಅದು 3. ನಂಬರ್ ಬಿಟ್ಟು ಕಟರ್ ಮೇಲಿನ ಹಲ್ಲಿನ ಎಣಿಕೆ ಓದಿ. ಕಟರ್ ಸರಿಯಾಗಿ ಬ್ಲ್ಯಾಂಕಿನ ನಡುಗೆರೆಗೆ ಬರಬೇಕು. ತಪ್ಪಿದರೆ ಹಲ್ಲು ಒಂದು ಕಡೆಗೆ ವಾಲುತ್ತದೆ.

40ಕ್ಕೆ 1ರ ಹೆಡ್‌ನಲ್ಲಿ (ಹಿಡಿ 40 ಸುತ್ತಿದರೆ ಬ್ಲ್ಯಾಂಕ್ ಒಂದು ಸುತ್ತು) 36 ಹಲ್ಲಿಗೆ ಪ್ರತಿ ಸಲ ಹಿಡಿಯ ಒಂದು ಪೂರ್ತಿ ಸುತ್ತು, ಜೊತೆಗೆ 18 ತೂತಿನ ಸಾಲಿನಲ್ಲಿ 2 ತೂತು. ಪಿನ್ ಕೂತಿರುವ ತೂತನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಹಿಡಿದಿದ್ದೆ. 36 ಹಲ್ಲು ಮುಗಿದ ಮೇಲೂ ಸುಮಾರು ಎರಡು ಹಲ್ಲಿನ ಜಾಗ ಉಳಿದಾಗಲೇ ಗೊತ್ತಾಗಿದ್ದು. ಹಿಡಿಯನ್ನು ಸದಾ ಒಂದೇ ಕಡೆಗೆ ತಿರುಗಿಸಿ. ದಾಟಿ ಹೋದರೆ ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ. ಕತ್ತರಿಸುವ ಮೊದಲು ಸ್ಪಿಂಡಲ್ ಲಾಕ್ ಮಾಡಿ.

50 ಮಿ.ಮೀ. ಹೈಸ್ಪೀಡ್ ಸ್ಟೀಲ್ ಕಟರ್‌ಗೆ ನಾನು ಇಡುವ ವೇಗ ನಿಮಿಷಕ್ಕೆ ಸುಮಾರು 380 ಸುತ್ತು. ಸೀಮೆಎಣ್ಣೆ ಹಚ್ಚುತ್ತಿರಿ, ಇಲ್ಲದಿದ್ದರೆ ಅಲ್ಯೂಮಿನಿಯಂ ಕಟರ್ ಬಾಯಿಗೆ ಮೆತ್ತಿಕೊಳ್ಳುತ್ತದೆ. ಮೊದಲ ಸುತ್ತು 1 ಮಿ.ಮೀ. ಆಳಕ್ಕೆ ನಿಲ್ಲಿಸಿ.

ಈಗ ಡಿಸ್ಕ್ ಮೈಕ್ರೋಮೀಟರ್‌ನಲ್ಲಿ (ಬಾಯಲ್ಲಿ ಚಪ್ಪಟೆ ಬಿಲ್ಲೆಗಳಿರುವುದು) ನಾಲ್ಕು ಹಲ್ಲನ್ನು ಒಟ್ಟಿಗೆ ಹಿಡಿದು ಅಳೆಯಿರಿ. ಒತ್ತುಕೋನ (ಹಲ್ಲಿನ ಪಕ್ಕದ ಓರೆ) 20 ಡಿಗ್ರಿ ಇದ್ದರೆ ಲೆಕ್ಕದ ಅಳತೆ 5.418. ಹಲ್ಲಿನ ನಡುವೆ ಸ್ವಲ್ಪ ಸಡಿಲ ಬೇಕಾದ್ದರಿಂದ ನಾನು 5.40ಕ್ಕೆ ನಿಲ್ಲಿಸುತ್ತೇನೆ. ಅಳತೆ 0.034 ಜಾಸ್ತಿ ಬಂದರೆ ಇನ್ನೂ 0.05 ಆಳಕ್ಕೆ ಹೋಗಿ; ಉಳಿದದ್ದಕ್ಕೂ ಇದೇ ಪ್ರಮಾಣ. ಆದರೆ ಈ ಅಳತೆ ಬೋರ್ ಪಕ್ಕಕ್ಕೆ ಸರಿದಿರುವುದನ್ನು ಹಿಡಿಯುವುದಿಲ್ಲ. ಒಮ್ಮೆ ನನ್ನ ಗೇರ್ ಎಲ್ಲ ಕಡೆ ಸರಿಯಾಗಿಯೇ ಅಳತೆ ಕೊಟ್ಟಿತು. ಜೋಡಿಸಿದರೆ ಸುತ್ತಿಗೊಮ್ಮೆ ಬಿಗಿ, ಸುತ್ತಿಗೊಮ್ಮೆ ಸಡಿಲ.

ಬರ್ (ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು) ತೆಗೆಯಲು ನೈಲಾನ್ ಬ್ರಷ್ ಸಾಕು. ಅರ ಮುಟ್ಟಿಸಬೇಡಿ.

ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಜೋಡಿ ಬೇಡ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಜೋಡಿಯಲ್ಲಿ ಚಿಕ್ಕ ಗೇರ್ ಉಕ್ಕಿನದಿರಲಿ. ಹಾರ್ಡ್ ಅನೋಡೈಸ್ (ಮೈಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು) ಮಾಡಿಸುವುದಾದರೆ ಮೊದಲೇ ಜಾಗ ಬಿಡಿ. 50 ಮೈಕ್ರಾನ್ ಪದರದಲ್ಲಿ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆ. ಹಾಗಾಗಿ ನಾಲ್ಕು ಹಲ್ಲಿನ ಅಳತೆ 0.05 ಏರುತ್ತದೆ, ನೀವು 5.35ಕ್ಕೆ ಕತ್ತರಿಸಿರಬೇಕು. ಬೋರಿಗೆ ರಬ್ಬರ್ ಬಿರಡೆ ಹಾಕಿಸಿ. ಇಲ್ಲದಿದ್ದರೆ ಅದೂ 0.05 ಕಿರಿದಾಗಿ ಶಾಫ್ಟ್ ಒಳಗೆ ಹೋಗುವುದಿಲ್ಲ.